ಬ್ಯಾರನ್ ಬಾಗಿಲು ತೆಗೆದ ವರ್ಷ

ಮೊನ್ನೆ ಶನಿವಾರ ನಾನು ಟೀಚರಾಗಿರುವ ಸ್ಕೂಲು ಮುಗಿಸಿಕೊಂಡು ಎಚ್.ಡಿ. ಕೋಟೆಯಿಂದ ಊರಿಗೆ ಹೊರಟಿದ್ದೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ ಪಿರಿಯಾಪಟ್ಟಣದ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿತು ಅಂತ ಖುಷಿಯಾಗಿದ್ದೆ. ಪೇಟೆ ದಾಟಿ ಎರಡು ಮೈಲಿ ಹೋಗಿಲ್ಲ, ಆ ವಾಸನೆ ಒಳಗೆ ನುಗ್ಗಿತು. ಹೊಗೆಸೊಪ್ಪು ಬೇಯುವ ವಾಸನೆ. ಮಳೆಗಾಲದ ನಡುವಿಗೆ ಬಂದರೆ ಈ ರಸ್ತೆಯ ಎರಡೂ ಕಡೆ ಬ್ಯಾರನ್ನುಗಳು ಹೊಗೆಯಾಡುತ್ತವೆ. ಬ್ಯಾರನ್ ಅಂದರೆ ಎರಡಾಳೆತ್ತರದ, ಕಿಟಕಿಯಿಲ್ಲದ ಮನೆ. ಹಸಿ ಸೊಪ್ಪನ್ನು ಕೋಲುಗಳಿಗೆ ಕಟ್ಟಿ ಒಳಗೆ ಸಾಲು ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ತುರುಕಿ, ಪೈಪಿನಲ್ಲಿ ಬಿಸಿ ಹಾಯಿಸಿ ಐದಾರು ದಿನ ಬೇಯಿಸುತ್ತಾರೆ.

ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ಮೂಗರಳಿಸಿ, "ಆಹಾ, ಬೆಲ್ಲ ಕಾಯಿಸ್ದಂಗೆ ಗಮ್ ಅಂತದೆ ಅಲ್ವಾ ಮೇಡಂ?" ಅಂದ. "ಕಿಟಕಿ ಹಾಕ್ರೀ!" ಅಂತ ನಾನು ಕಿರುಚಿದ್ದಕ್ಕೆ ಕಂಡಕ್ಟರೂ ತಿರುಗಿ ನೋಡಿದ. ಪಾಪ, ಆ ಹುಡುಗನದೇನು ತಪ್ಪು? ನನ್ನ ಕೈ ಆಗಲೇ ಬ್ಯಾಗಿನೊಳಗೆ ಹೋಗಿ ಉಬ್ಬಸದ ನೀಲಿ ಪಂಪನ್ನು ಹಿಡಿದುಕೊಂಡಿತ್ತು.

ಅವನಿಗೆ ಅದು ಬೆಲ್ಲದ ವಾಸನೆ. ನನಗೆ ಏಟಿನ ವಾಸನೆ. ಹತ್ತನೇ ಕ್ಲಾಸಿನ ವರ್ಷ, ಬ್ಯಾರನ್ ಉರಿದ ಆ ಎರಡು ಮೂರು ತಿಂಗಳಲ್ಲಿ ನಾನು ತಿಂದ ಏಟು, ನಾನು ಕೊಟ್ಟ ಏಟು, ನಮ್ಮವ್ವ ಜೀವಮಾನದಲ್ಲಿ ಕೊಟ್ಟ ಒಂದೇ ಒಂದು ಏಟು, ಎಲ್ಲ ಆ ವಾಸನೆಯೊಳಗೇ ಇವೆ.

ನಮ್ಮೂರು ಹಾರನಹಳ್ಳಿ ಹೋಬಳಿಯಲ್ಲಿ. ಮನೆಯಿಂದ ಬ್ಯಾರನ್ನಿಗೆ ನಲವತ್ತು ಹೆಜ್ಜೆ. ಗಾಳಿ ಪಡುವಣದಿಂದ ಬೀಸಿದರೆ ಒಲೆಯ ಹೊಗೆ ನೇರ ನಮ್ಮ ಅಡುಗೆಮನೆಗೆ ಬರುತ್ತದೆ, ಮಳೆಗಾಲದಲ್ಲಿ ಗಾಳಿ ಬೀಸುವುದೇ ಪಡುವಣದಿಂದ. ನಮ್ಮಪ್ಪ ರಾಜೇಗೌಡ ಸುತ್ತಮುತ್ತಲ ಊರುಗಳಿಗೆಲ್ಲ ಬ್ಯಾರನ್ ರಾಜಣ್ಣ. ಗೋಡೆಯಲ್ಲಿ ಕೂರಿಸಿದ ಅಂಗೈಯಗಲದ ಗಾಜಿನಿಂದ ಒಳಗಿನ ಥರ್ಮಾಮೀಟರ್ ನೋಡಿ, ಮೂಗನ್ನು ಗೋಡೆಗೆ ಹಚ್ಚಿ, "ಅಳದಿ ಕೂತದೆ, ಇನ್ನೆರಡು ಡಿಗ್ರಿ ಏರ್ಸು" ಅನ್ನುವನು. ಎರಡೆರಡು ಗಂಟೆಗೊಮ್ಮೆ ಇದ್ದಿಲಿನಲ್ಲಿ ಗೋಡೆಯ ಮೇಲೆ ಬಿಸಿ ಬರೆಯುವನು. ಅವನು ಹೇಳಿದ ಮೇಲೆ ಸೊಪ್ಪು ಕೆಟ್ಟ ಉದಾಹರಣೆಯೇ ಇರಲಿಲ್ಲ. ಸೊಪ್ಪಿನ ಮೇಲೆ ಅಷ್ಟು ತಾಳ್ಮೆಯಿದ್ದ ಮನುಷ್ಯನಿಗೆ ಮನುಷ್ಯರ ಮೇಲೆ ಕಾಸಿನಷ್ಟೂ ತಾಳ್ಮೆ ಇರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ಹಾರುತ್ತಿತ್ತು. ಎದುರು ಮಾತಾಡಿದರೆ ಕೈ ಬೀಸುತ್ತಿತ್ತು. ಅವ್ವ ಏಟು ತಿಂದು ಸುಮ್ಮನೆ ಎದ್ದು ಸೊಪ್ಪು ಕಟ್ಟಲು ಕೂರುತ್ತಿದ್ದಳು. ನನಗೆ ಅದು ನೋಡಿದರೆ ಅಪ್ಪನಿಗಿಂತ ಅವ್ವನ ಮೇಲೇ ಉರಿಯುತ್ತಿತ್ತು.

ನನಗೆ ಉಬ್ಬಸ ನಾಲ್ಕನೇ ಕ್ಲಾಸಿನಿಂದಲೂ ಇತ್ತು. ಆ ವರ್ಷ ಜಾಸ್ತಿಯಾಗಿ, ಬ್ಯಾರನ್ ಹತ್ತಿಸುವ ಮುಂಚೆ ಅಪ್ಪ ಅವ್ವ ಇಬ್ಬರೂ ಹುಣಸೂರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಆಕೆ ಎರಡು ಪಂಪು ಕೊಟ್ಟರು, ಒಂದು ಕೆಂಪು, ಒಂದು ನೀಲಿ.

"ನೋಡಮ್ಮ, ಕೆಂಪು ದಿನಾ ಬೆಳಿಗ್ಗೆ ಸಂಜೆ. ಆರಾಮಾಗಿದ್ರೂ ಬಿಡಬಾರದು, ಅದು ಉಬ್ಬಸ ಬರದ ಹಾಗೆ ತಡೆಯೋದು. ನೀಲಿ ಉಸಿರು ಕಟ್ಟಿದಾಗ. ಅದು ಯಾವಾಗಲೂ ನಿನ್ನ ಕೈಗೆ ಸಿಗೋ ಹಾಗಿರಬೇಕು. ಒಂದರ ಕೆಲಸ ಇನ್ನೊಂದು ಮಾಡಲ್ಲ, ತಿಳೀತಾ? ಗೌಡ್ರೇ, ಇವಳನ್ನ ಹೊಗೆ ಹತ್ತಿರ ಬಿಡಬೇಡಿ."

ಅಪ್ಪ ಅಲ್ಲಿ ತಲೆಯಾಡಿಸಿ, ಬಸ್ಸು ಹತ್ತಿದ ಮೇಲೆ ಶುರುಮಾಡಿದ. "ಒಗೆ ಅತ್ರ ಬುಡ್ಬ್ಯಾಡಿ ಅಂತೆ. ನಾವೇನು ಪ್ಯಾಟೇಲಿ ಬಟ್ಟೆ ಅಂಗ್ಡಿ ಮಡಗಿದೀವಾ? ನಮ್ಮನೆ ಇರೋದೇ ಒಗೆ ಒಳಗೆ."

ಆದರೂ ಎರಡು ವಾರ ನಾನು ಸರಿಯಾಗಿ ಕೆಂಪು ಪಂಪು ಎಳೆದೆ, ಬಾಯಿ ಮುಕ್ಕಳಿಸಿದೆ, ಮೆಟ್ಟಿಲು ಹತ್ತಿದೆ, ಗಟ್ಟಿಯಾಗಿ ನಕ್ಕೆ ಕೂಡ. ಅಷ್ಟರಲ್ಲಿ ಕೆ.ಆರ್. ನಗರದ ಹೊಸ ಅಗ್ರಹಾರದಿಂದ ಅಪ್ಪನ ತಂಗಿ, ನಮ್ಮತ್ತೆ, ಬಂದಳು. ಬೆಳಿಗ್ಗೆ ನಾನು ಪಂಪು ಎಳೆಯುವುದನ್ನು ಕಾಫಿ ಲೋಟ ಹಿಡಿದುಕೊಂಡೇ ನಿಂತು ನೋಡಿದಳು.

"ಉಬ್ಬಸ ಬಂದದಾ ಈಗ?"

"ಇಲ್ಲ ಅತ್ತೆ."

"ಮತ್ಯಾಕೆ ಎಳೀತಿದ್ದೀ?" ಅಂದವಳೇ ಹಟ್ಟಿ ಬಾಗಿಲಿಗೆ ಹೋಗಿ ಅಪ್ಪನನ್ನು ಕರೆದಳು. "ಅಣ್ಣ, ಚೆನ್ನಾಗಿರೋವಾಗ್ಲೂ ಬೇಕು ಅಂತ ಎಳೀತಾಳಲ್ಲಾ, ಇದುನ್ನ ಚಟ ಅನ್ನಲ್ವಾ? ನಮ್ಮೂರ್ ಕಡೆ ಒಬ್ಬಳು ಇಂಗೇ ಇಡ್ಕಂಡು ಇವತ್ಗೂ ಬುಟ್ಟಿಲ್ಲ. ಕುಡುಕ್ರಿಗೂ ಇದುಕ್ಕೂ ಏನ್ ಯತ್ಯಾಸ? ನಾಳೆ ಗಂಡಿನ್ ಕಡೆಯೋರು ಬಂದ್ರೆ ಏನಂತ ಏಳೀಯ?"

ಸರಿ, ಮುಗಿಯಿತು. ಕೆಂಪು ಪಂಪು ಅಪ್ಪನ ಕಬ್ಬಿಣದ ಪೆಟ್ಟಿಗೆ ಸೇರಿತು, ಬೀಗ ಬಿತ್ತು. ನೀಲಿ ಪಂಪು ಅಪ್ಪನ ಅಂಗಿಯ ಜೇಬು ಸೇರಿತು. "ತಡ್ಕಳಕ್ಕೇ ಆಗ್ದೆ ಓದ್ರೆ ನನ್ನ ಕೇಳು, ಕೊಡ್ತೀನಿ" ಅಂದ. ನನ್ನ ಉಸಿರಿಗೆ ಅಪ್ಪನ ಜೇಬು ತಡಕುವ ಗತಿ ಬಂತು. ಅವ್ವನ ಕಡೆ ನೋಡಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು.

ಸ್ಕೂಲಿಗೆ ಅಪ್ಪನ ಜೇಬು ಬರುವುದಿಲ್ಲವಲ್ಲ. ಹಾಗಾಗಿ ನಾನು ಉಸಿರನ್ನು ಅಳೆದು ಖರ್ಚು ಮಾಡಲು ಕಲಿತೆ. ಪ್ರಾರ್ಥನೆಯಲ್ಲಿ ಬಾಯಿ ಮಾತ್ರ ಆಡಿಸಿದೆ. ಸೀಮೆಸುಣ್ಣದ ಪುಡಿ ಹಾರುತ್ತದೆಂದು ಮೊದಲ ಬೆಂಚು ಬಿಟ್ಟು ಕೊನೆಯ ಕಿಟಕಿಗೆ ಹೋದೆ, ಕೊನೆಯ ಬೆಂಚಿನವಳು ದಡ್ಡಿ ಅನ್ನಿಸಿಕೊಂಡೆ. ಕ್ಲಾಸು ಗುಡಿಸುವ ಸರದಿ ಬಂದರೆ ಜಡೆಯ ತುದಿಯನ್ನು ಮೂಗಿಗೆ ಹಿಡಿದುಕೊಂಡು ಗುಡಿಸಿದೆ. ಮೆಟ್ಟಿಲ ಮಧ್ಯೆ ನಿಂತು, ಬಿಚ್ಚದ ಶೂ ಲೇಸನ್ನು ಬಿಚ್ಚಿ ಕಟ್ಟಿದೆ. ಗೆಳತಿಯರು ಜೋಕು ಹೇಳಿದರೆ ತುಟಿ ಕಚ್ಚಿಕೊಂಡೆ, ನಕ್ಕರೆ ಕೆಮ್ಮು ಬರುತ್ತಿತ್ತು. ಹದಿನೈದು ವರ್ಷದ ಹುಡುಗಿ ನಗುವುದಕ್ಕೆ ಹೆದರಬೇಕು ಅಂದರೆ ಅದೆಂಥ ಕರ್ಮ ಹೇಳಿ! ಮನೆಗೆ ಬಂದರೆ ಸೊಪ್ಪು. ಹಸಿ ಸೊಪ್ಪಿನ ಅಂಟು ಕೈಗೆ ಕಪ್ಪಗೆ ಮೆತ್ತಿಕೊಂಡು, ಎಷ್ಟು ಉಜ್ಜಿ ತೊಳೆದರೂ ಅನ್ನವೆಲ್ಲ ಕಹಿ. ಮಲಗಿದರೆ ಎದೆಯ ಮೇಲೆ ಯಾರೋ ಮಂಡಿಯೂರಿದ ಹಾಗೆ ಆಗುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದೆ. ಅಪ್ಪನನ್ನು ಕೇಳಲಿಲ್ಲ. ಕೇಳಬಾರದು ಅಂತ ಹಟ. ಹಟದಲ್ಲಿ ನಾನು ಅಪ್ಪನ ಮಗಳೇ.

ನಮ್ಮ ಕ್ಲಾಸಿನಲ್ಲಿ ಮಂಜ ಅಂತ ಒಬ್ಬನಿದ್ದ. ನನ್ನ ಎದೆಯಿಂದ ಬರುವ ಸುಯ್ ಸುಯ್ ಸದ್ದನ್ನು ಯಥಾವತ್ ಮಾಡಿ ತೋರಿಸುವ ಕಲೆ ಅವನಿಗೆ ಸಿದ್ಧಿಸಿತ್ತು. ಒಂದು ದಿನ ಮಧ್ಯಾಹ್ನ ಊಟಕ್ಕೆ ಸಾಲು ನಿಂತಿದ್ದಾಗ ನನ್ನ ಹಿಂದೆಯೇ ಬಂದು, "ಲೇ, ಸೌಮ್ಯ ಸೀಟಿ ಒಡೀತಾವ್ಳೆ, ಕುಕ್ಕರ್ ಮೂರ್ ಸಲ ಕೂಗ್ತು, ಇಳಿಸ್ಬುಡಿ ಕಣ್ರಲಾ" ಅಂದ. ಎಲ್ಲರೂ ನಕ್ಕರು. ನನ್ನ ಗೆಳತಿಯರೂ ನಕ್ಕರು. ಕೈಯಲ್ಲಿ ಸ್ಟೀಲ್ ತಟ್ಟೆ ಇತ್ತು. ಅದರ ಅಂಚಿನಿಂದ ಅವನ ಬಾಯಿಗೆ ಬೀಸಿದೆ. ಮುಂದಿನ ಹಲ್ಲು ಅರ್ಧ ಮುರಿದು, ಬಿಳಿ ಅಂಗಿಯ ಮೇಲೆಲ್ಲ ರಕ್ತ. ಅವನು ಕೂತುಬಿಟ್ಟ. ಕೂತವನಿಗೆ ಇನ್ನೂ ಎರಡು ಕೊಟ್ಟೆ. ಹೆಸರು ಸೌಮ್ಯ ಅಂತ ಇಟ್ಟವರು ಯಾರೋ, ಅವರನ್ನೇ ಕೇಳಬೇಕು. ಸುಳ್ಳು ಹೇಳುವುದಿಲ್ಲ, ಆ ಎರಡು ನಿಮಿಷ ನನಗೆ ಉಬ್ಬಸವೇ ನೆನಪಿರಲಿಲ್ಲ.

ಹೆಡ್‌ಮಾಸ್ಟರು ಅಪ್ಪನನ್ನು ಕರೆಸಿದರು. ಬ್ಯಾರನ್ನಿಗೆ ಸೊಪ್ಪು ಏರಿಸಿದ್ದ ದಿನವದು, ಅಪ್ಪ ಅಂಟು ಮೆತ್ತಿದ ಕೈಯಲ್ಲೇ ಬಂದ. ಹೆಡ್‌ಮಾಸ್ಟರು, "ಏನ್ ಗೌಡ್ರೇ, ಮಗಳಿಗೆ ಏನೋ ಕಾಯಿಲೆ ಇದೆಯಂತಲ್ಲ, ಹುಡುಗರು ಆಡಿಕೋತಾರೆ, ಇವಳು ಹೊಡೀತಾಳೆ. ಔಷಧಿ ಗಿಷಧಿ ಕೊಡಿಸಬಾರದಾ?" ಅಂದರು. ಮಂಜನ ಅಪ್ಪನೂ ಅಲ್ಲೇ ಇದ್ದ. ನಾಲ್ಕು ಜನರೆದುರು ಕಾಯಿಲೆ ಅನ್ನಿಸಿಕೊಂಡಿದ್ದು ಅಪ್ಪನ ಎದೆಗೆ ಇರಿದಂತಾಯಿತು. ಸ್ಟಾಫ್ ರೂಮಿನ ಬಾಗಿಲಲ್ಲೇ ನನ್ನ ಜಡೆ ಹಿಡಿದು ಎಳೆದು ಹೊಡೆದ. ಹೆಡ್‌ಮಾಸ್ಟರು ಬಿಡಿಸಲು ಬಂದಾಗ ಅವರ ಕನ್ನಡಕವೂ ಹಾರಿತು. "ಒಂದ್ ವಾರ ಸ್ಕೂಲು ಬ್ಯಾಡ ನಿಂಗೆ. ಸೊಪ್ಪು ಕಟ್ಟು, ಬುದ್ಧಿ ಬತ್ತದೆ" ಅಂತ ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅವನ ಜೇಬಿನ ಪಂಪೇ ಇತ್ತು. ಬೇಕಿತ್ತು. ಕೇಳಲಿಲ್ಲ.

ಬ್ಯಾರನ್ ಏರಿಸಿದ ಮೂರನೇ ದಿನ ಅತಿ ಸೂಕ್ಷ್ಮ. ಸೊಪ್ಪೆಲ್ಲ ಹಳದಿಗೆ ತಿರುಗಿರುತ್ತದೆ, ಆ ಬಣ್ಣವನ್ನು ಹಿಡಿದು ನಿಲ್ಲಿಸಲು ಗಂಟೆಗಂಟೆಗೆ ಬಿಸಿ ಏರಿಸಬೇಕು. ಬಿಸಿ ತಪ್ಪಿದರೆ, ತಣ್ಣನೆ ಗಾಳಿ ಸೋಕಿದರೆ, ಸೊಪ್ಪು ಕರ್ರಗಾಗಿ ಇಡೀ ಬ್ಯಾರನ್ ತಿಪ್ಪೆಗೆ. ಆ ದಿನ ಬ್ಯಾರನ್ ಬಾಗಿಲನ್ನು ದೇವರು ಬಂದರೂ ತೆಗೆಯುವುದಿಲ್ಲ. ಮಕ್ಕಳು ಚಿಲಕ ಮುಟ್ಟಿದರೂ ಬೆನ್ನಿಗೆ ಬೀಳುತ್ತಿತ್ತು.

ಬೆಳಿಗ್ಗೆಯಿಂದ ಬಿರುಮಳೆ. ಒಲೆಯ ಮಗ್ಗುಲಿನ ಚಪ್ಪರದಲ್ಲಿ ನಾನು, ಅವ್ವ, ಹನಗೋಡಿನಾಚೆ ಕಾಡಂಚಿನ ಹಾಡಿಯಿಂದ ಕೂಲಿಗೆ ಬರುತ್ತಿದ್ದ ಗೌರಕ್ಕ, ಮೂವರೂ ಮುಂದಿನ ಸರದಿಯ ಸೊಪ್ಪು ಕಟ್ಟುತ್ತಿದ್ದೆವು. ಗಾಳಿ ಹೊಗೆಯನ್ನು ಚಪ್ಪರದೊಳಕ್ಕೇ ತಳ್ಳುತ್ತಿತ್ತು. ಹತ್ತು ಹನ್ನೊಂದು ಗಂಟೆಗೆ ನನ್ನ ಕೈಯಿಂದ ದಾರ ಜಾರಿತು. ಎರಡೂ ಕೈ ಮಂಡಿಗೂರಿ ಬಾಗಿ ಕೂತೆ. ಒಳಗೆ ಹೋದ ಉಸಿರು ಹೊರಗೆ ಬರುತ್ತಿಲ್ಲ, ಹೊಸ ಉಸಿರಿಗೆ ಜಾಗವಿಲ್ಲ.

"ಗೌಡ್ರೇ," ಗೌರಕ್ಕ ಕೂಗಿದಳು, "ಮಗೂಗೆ ಆಗ್ತಿಲ್ಲ. ಉಗುರು ನೋಡಿ, ನೀಲಿ ಆಗದೆ. ಪಂಪು ಕೊಡಿ."

"ನಿನ್ ಕೆಲ್ಸ ನೋಡು ನೀನು," ಅಂದ ಅಪ್ಪ, ಒಲೆಗೆ ಸೌದೆ ನೂಕುತ್ತ.

ಹಟ ಎಲ್ಲಿ ಹೋಯಿತೋ. ಎದ್ದು, ಗೋಡೆ ಹಿಡಿದುಕೊಂಡು ಒಲೆಯ ಹತ್ತಿರ ಹೋಗಿ ಕೈ ಚಾಚಿದೆ. "ಅಪ್ಪಾ... ಪಂಪು..."

ಅಪ್ಪ ಜೇಬಿನಿಂದ ಅದನ್ನು ತೆಗೆದ. ಕೊಡುತ್ತಾನೆ ಅಂದುಕೊಂಡೆ. ಅವನು ಅದನ್ನೇ ದಿಟ್ಟಿಸಿ ನೋಡಿದ. "ಇದುಕ್ಕೇ ತಾನೆ ನಾಕ್ ಜನುದ್ ಮುಂದೆ ನನ್ನ ಮಾನ ಓಗಿದ್ದು? ಇದುಕ್ಕೇ ತಾನೆ ನನ್ ಮಗಳ್ನ ರೋಗಿಷ್ಟೆ ಅಂದಿದ್ದು? ಇವತ್ಗೆ ಈ ಚಟ ಬುಡುಸ್ತೀನಿ" ಅಂದು, ಉರಿಯುವ ಒಲೆಯ ಬಾಯಿಗೆ ಎಸೆದ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಲೆಯೊಳಗೆ ಢಂ ಅಂತ ಸಿಡಿಯಿತು. ಕೆಂಡ ಹೊರಗೆ ಚಿಮ್ಮಿ ಅಪ್ಪನ ಕೆನ್ನೆಗೆ, ಹುಬ್ಬಿಗೆ ಬಡಿಯಿತು. ಅವನು "ಅಯ್ಯಪ್ಪಾ" ಅಂತ ಮುಖ ಮುಚ್ಚಿಕೊಂಡು ಹಿಂದಕ್ಕೆ ಬಿದ್ದ. ನನ್ನ ಉಸಿರು ಸುಟ್ಟು ಸಿಡಿದ ಸದ್ದು ನಾನೇ ಕೇಳಿಸಿಕೊಂಡೆ. ಅಲ್ಲೇ ಕುಸಿದೆ. ಗೌರಕ್ಕ ಓಡಿ ಬಂದು ನನ್ನನ್ನು ಎಳೆದುಕೊಂಡು, ತನ್ನ ಎದೆಗೆ ಒರಗಿಸಿ ಕೂರಿಸಿದಳು. "ಮಲಗ್ಬೇಡ ಮಗ, ಕೂತ್ಕ, ಕೂತ್ಕ" ಅನ್ನುತ್ತಿದ್ದಳು.

ಅಪ್ಪ ಮುಖ ಒರೆಸಿಕೊಳ್ಳುತ್ತ, "ಪೆಟ್ಗೇಲಿ ಇನ್ನೊಂದದಲ್ಲ, ಅದುನ್ನ ತತ್ತಾ" ಅಂದ. ಅವನ ಲೆಕ್ಕ ಅದು. ಒಂದು ಪಂಪು ಹೋದರೆ ಇನ್ನೊಂದು ಪಂಪು. ಇಷ್ಟು ವರ್ಷ ಎರಡು ಡಿಗ್ರಿ ಬಿಸಿಯ ವ್ಯತ್ಯಾಸವನ್ನು ಮೂಗಿನಲ್ಲೇ ಹಿಡಿಯುತ್ತಿದ್ದವನಿಗೆ ಕೆಂಪಿಗೂ ನೀಲಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಅವ್ವ ಬೀಗದ ಕೈ ಕೇಳಲಿಲ್ಲ. ಸೌದೆಯ ಕೊಡಲಿ ಎತ್ತಿಕೊಂಡು ಓಡಿ, ಪೆಟ್ಟಿಗೆಯ ಬೀಗ ಒಡೆದು ಕೆಂಪು ಪಂಪು ತಂದು ನನ್ನ ಬಾಯಿಗಿಟ್ಟಳು. ಒಂದು ಸಲ, ಎರಡು ಸಲ, ಐದು ಸಲ. ಅದರಿಂದ ಈಗ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು, ಹೇಳಲು ಗಾಳಿ ಇರಲಿಲ್ಲ.

"ಆಸ್ಪತ್ರೆಗೆ ಓಗನ, ಬೈಕ್ ತಗೀರಿ," ಅಂದಳು ಅವ್ವ.

ಅಪ್ಪ ಥರ್ಮಾಮೀಟರಿನ ಗಾಜಿಗೆ ಕಣ್ಣಿಟ್ಟಿದ್ದ. ಅರ್ಧ ಮುಖ ಸುಟ್ಟುಕೊಂಡು, ಆ ಗಾಜಿನಲ್ಲಿ ನೋಡುತ್ತಿದ್ದ. "ಒಂದರ್ಧ ಗಂಟೆ ತಡಿ. ಬಿಸಿ ಏರ್ತಾ ಅದೆ. ಈಗ ಬುಟ್ಟೋದ್ರೆ ಬ್ಯಾರನ್ನೇ ಓಯ್ತದೆ."

"ನಾ ನೋಡ್ಕತೀನಿ, ಓಗಿ ಗೌಡ್ರೇ," ಅಂದಳು ಗೌರಕ್ಕ.

"ನಿಂಗೇನ್ ಗೊತ್ತು ಬ್ಯಾರನ್ನು! ಅರ್ಧ ಗಂಟೆ ಅಂದ್ನಲ್ಲ. ಯಾವಾಗ್ಲೂ ಬರೋ ಉಬ್ಸ ಕಣೆ, ಸಾಯಲ್ಲ ಅವ್ಳು."

ಆಮೇಲೆ ನಡೆದದ್ದನ್ನು ನಾನು ಗೌರಕ್ಕನ ತೋಳಿನ ಮೇಲಿಂದ ಕಂಡೆ. ಅವ್ವ ನೆಟ್ಟಗೆ ಬ್ಯಾರನ್ ಬಾಗಿಲಿಗೆ ಹೋದಳು. ಚಿಲಕ ಎಳೆದಳು. ಎರಡೂ ಬಾಗಿಲನ್ನು ಕಾಲಿನಿಂದ ಒದ್ದು ಗೋಡೆಗೆ ಬಡಿಯುವಂತೆ ತೆರೆದಳು. ಒಳಗಿನ ಬಿಸಿ ಒಂದೇ ಸಲಕ್ಕೆ ಹೊರಗೆ ನುಗ್ಗಿತು, ಹೊರಗಿನ ಮಳೆಗಾಳಿ ಒಳಗೆ ನುಗ್ಗಿತು, ನೇತುಬಿದ್ದ ಸೊಪ್ಪೆಲ್ಲ ಹೊಯ್ದಾಡಿತು. ಅಪ್ಪ ಬಾಯಿ ತೆರೆದು ನಿಂತೇಬಿಟ್ಟ. ಅವನಿಗೆ ಕಾಲು ಬರುವುದರೊಳಗೆ ಅವ್ವ ಚಪ್ಪರದ ಮಗ್ಗುಲಿನ ತುಂಬಿದ ಬಿಂದಿಗೆ ಎತ್ತಿ ಒಲೆಯ ಬಾಯಿಗೆ ಸುರಿದಳು. ಬಿಳಿಯ ಹಬೆ ಭುಸ್ಸೆಂದು ಎದ್ದು ಇಬ್ಬರನ್ನೂ ಮುಚ್ಚಿತು.

ಹಬೆಯೊಳಗಿಂದ ಅಪ್ಪನ ಅರಚಾಟ. "ಲೇ ಮುಂಡೆ! ಏನ್ ಮಾಡ್ಬುಟ್ಟೆಯೇ!" ಅವ್ವನ ಮುಡಿ ಹಿಡಿದು ಎಳೆದು, ಕಪಾಳಕ್ಕೆ ಬಿಗಿದ. ಇನ್ನೊಂದು ಬಿಗಿಯಲು ಕೈಯೆತ್ತಿದ. ಅವ್ವ ಬಗ್ಗಿ ಸೊಪ್ಪು ಕಟ್ಟುವ ಕೋಲೊಂದನ್ನು ತೆಗೆದುಕೊಂಡು ಎತ್ತಿದ ಕೈಯ ಮೇಲೇ ಬಾರಿಸಿದಳು. ಕೋಲು ಎರಡು ತುಂಡಾಯಿತು. ಅಪ್ಪ ಕೈ ಅವುಚಿಕೊಂಡು ಕೂತ.

"ಇನ್ನೇನದೆ ಕಾಯಕ್ಕೆ?" ಅಂದಳು ಅವ್ವ. ಹದಿನೇಳು ವರ್ಷದ ಸಂಸಾರದಲ್ಲಿ ಅವನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ. "ನಿನ್ ಸೊಪ್ಪು ಓಯ್ತು. ಈಗ ನನ್ ಮಗಳೊಬ್ಳು ಅವ್ಳೆ. ಎದ್ದು ಬೈಕ್ ತಗಿ."

ಅಪ್ಪ ತೆರೆದ ಬಾಗಿಲನ್ನು ನೋಡಿದ. ನನ್ನನ್ನು ನೋಡಿದ. ಆವಾಗ ಮೊದಲ ಸಲ ನೋಡಿದ ಅಂತ ನನಗೆ ಈಗಲೂ ಅನ್ನಿಸುತ್ತದೆ. ಎದ್ದು ಬೈಕು ತೆಗೆದ.

ನಡುವೆ ನಾನು, ಹಿಂದೆ ನನ್ನನ್ನು ಅವುಚಿಕೊಂಡ ಅವ್ವ, ಊದಿದ ಕೈಯಲ್ಲಿ ಕ್ಲಚ್ಚು ಹಿಡಿಯಲಾರದೆ ಪ್ರತಿ ಗೇರಿಗೂ ನರಳುತ್ತಿದ್ದ ಅಪ್ಪ. ಪಿರಿಯಾಪಟ್ಟಣದ ಆಸ್ಪತ್ರೆ ತಲುಪಿದ್ದು ನನಗೆ ನೆನಪಿಲ್ಲ. ಮುಖಕ್ಕೆ ಮಾಸ್ಕು, ಹೊಗೆಯ ಹಾಗೇ ಕಾಣುವ ಆದರೆ ಹೊಗೆಯಲ್ಲದ ಔಷಧಿ, ಕೈಗೆ ಸೂಜಿ. ಎಷ್ಟೋ ಹೊತ್ತಿನ ಮೇಲೆ ಒಂದು ಉಸಿರು ಪೂರ್ತಿ ಒಳಗೆ ಹೋಯಿತು. ಆ ಉಸಿರಿಗೆ ನಾನು ಅತ್ತುಬಿಟ್ಟೆ.

ಡ್ಯೂಟಿ ಡಾಕ್ಟರು ಚೀಟಿ ಬರೆಯುತ್ತ, "ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ಕಷ್ಟ ಇತ್ತು. ಇವಳ ನೀಲಿ ಪಂಪು ಎಲ್ಲಿ?" ಅಂದರು.

ಅವ್ವ ಹೇಳಿದಳು, "ಒಲೇಲದೆ ಸಾ."

ಆ ಬ್ಯಾರನ್ನಿನ ಸೊಪ್ಪೆಲ್ಲ ಕಪ್ಪಾಗಿ ತಿಪ್ಪೆ ಸೇರಿತು. ಅಪ್ಪ ಅವ್ವನ ಜೊತೆ ದೀಪಾವಳಿವರೆಗೂ ಮಾತಾಡಲಿಲ್ಲ, ಅವ್ವ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ಕೆಂಪು ಪಂಪು ಕನ್ನಡಿ ಪಕ್ಕದ ಗೂಡಿಗೆ, ಬಾಚಣಿಗೆಯ ಜೊತೆಗೆ ಬಂತು. ಹೊಸ ನೀಲಿ ಪಂಪು ನನ್ನ ಸ್ಕೂಲ್ ಬ್ಯಾಗಿಗೆ ಬಂತು. ನನ್ನ ಕೈಗೆ ಇನ್ನು ಸೊಪ್ಪಿನ ಅಂಟು ಮೆತ್ತಲಿಲ್ಲ. ಪರೀಕ್ಷೆ ಪಾಸು ಮಾಡಿದೆ. ಮಂಜನಿಗೆ ಕ್ಷಮೆ ಕೇಳಿದೆ, ಅವನು ಹಲ್ಲಿಗೆ ಕ್ಯಾಪು ಹಾಕಿಸಿಕೊಂಡು ನನಗಿಂತ ಚೆನ್ನಾಗಿ ನಗುತ್ತಾನೆ ಈಗ. ಅತ್ತೆ ಬಂದಾಗಲೆಲ್ಲ ಅವಳೆದುರೇ ನಿಂತು ಪಂಪು ಎಳೆಯುತ್ತೇನೆ, ಅದೊಂದು ಸುಖ.

ಅಪ್ಪ ಅವ್ವನ ಮೇಲೆ ಕೈ ಮಾಡಿದ್ದು ಅದೇ ಕೊನೆ. ನನ್ನ ಮೇಲೆ ಆಮೇಲೂ ಎರಡು ಸಲ ಮಾಡಿದ. ತಪ್ಪಾಯಿತು ಅಂತ ಈವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ನಾನು ಕ್ಷಮಿಸಿದೆನಾ? ಇಲ್ಲ. ಕ್ಷಮಿಸಿದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ಆ ಢಂ ಅನ್ನುವ ಸದ್ದು ಈಗಲೂ ಕಿವಿಯಲ್ಲಿದೆ. ಅವನ ಎಡಹುಬ್ಬಿನಲ್ಲಿ ಕೂದಲು ಬೆಳೆಯದ ಜಾಗ ಕಂಡಾಗೆಲ್ಲ ಒಳಗೊಳಗೇ "ಆಗಲಿ" ಅನ್ನಿಸುತ್ತದೆ.

ಮೊನ್ನೆ ಬಸ್ಸಿಳಿದು ಮನೆಗೆ ಹೋದಾಗ ಬ್ಯಾರನ್ನಿಗೆ ಮೂರನೇ ದಿನವಂತೆ. ಅಪ್ಪ ಗಾಜಿಗೆ ಕಣ್ಣಿಟ್ಟು ಕೂತಿದ್ದ, ಗೋಡೆಯ ಮೇಲೆ ಇದ್ದಿಲಿನ ಅಂಕಿಗಳು. ಅವ್ವ ಚಪ್ಪರದಲ್ಲಿ ಸೊಪ್ಪು ಕಟ್ಟುತ್ತಿದ್ದಳು. ನಾನು ಅಂಗಳದಲ್ಲೇ ನಿಂತು, "ಅವ್ವಾ, ಬಂದೆ" ಅಂದೆ. ದಾರಿಯ ಧೂಳಿಗೋ ಏನೋ, ಹಾಗನ್ನುವಾಗ ಒಂದು ಕೆಮ್ಮು ಬಂತು. ಒಂದೇ ಒಂದು.

ಅವ್ವ ಕೋಲು ಕೆಳಗಿಟ್ಟಳು. ಎದ್ದು ಸೆರಗು ಕೊಡವಿಕೊಂಡು, ಬ್ಯಾರನ್ ಬಾಗಿಲಿಗೆ ಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಂತಳು.

"ಏ ತಡಿ, ತಡಿ ಮಾರಾಯ್ತಿ, ತಡಿ!" ಅಪ್ಪ ದಡಬಡಿಸಿ ಎದ್ದ. ಅಂಗಿ ಜೇಬಿನಿಂದ ನೀಲಿ ಪಂಪು ತೆಗೆದುಕೊಂಡು ಅಂಗಳದುದ್ದಕ್ಕೂ ಓಡಿ ಬಂದ. ಪ್ರತಿ ವರ್ಷ ಹೊಸದು ತಂದು ಇಟ್ಟುಕೊಳ್ಳುತ್ತಾನಂತೆ, ನಾನು ಊರಿನಲ್ಲಿ ಇರಲಿ ಇಲ್ಲದಿರಲಿ. ಅವನಿಗೇ ಏದುಸಿರು. "ತಕಳಮ್ಮಿ, ಬೇಗ ಎಳ್ಕಂಬುಡು. ಇವ್ಳು ಮೊದ್ಲೇ ಸರಿ ಇಲ್ಲ."

ನನ್ನದು ಬ್ಯಾಗಿನಲ್ಲೇ ಇತ್ತು. ಎಳೆಯುವ ಅಗತ್ಯವೂ ಇರಲಿಲ್ಲ. ಆದರೂ ಅಪ್ಪನ ಕೈಯಿಂದ ಅದನ್ನು ತೆಗೆದುಕೊಂಡು, ಅಲುಗಿಸಿ, ಬಾಯಿಗಿಟ್ಟು ಎಳೆದೆ. ಉಸಿರು ಬಿಗಿಹಿಡಿದು ಹತ್ತು ಎಣಿಸಿದೆ. ಹತ್ತು ಮುಗಿಸಿ ನಾನು ಉಸಿರು ಬಿಡುವವರೆಗೂ ಅವ್ವನ ಕೈ ಚಿಲಕದ ಮೇಲೇ ಇತ್ತು.